ಅತ್ತೆ ಎಣಿಸಿದ ನಾಡಿ

ನಾನು ನನ್ನ ಅತ್ತೆಯನ್ನು ಮೊದಲ ಸಲ ಹೊಡೆದದ್ದು ಯಾವ ದಿನ ಎಂಬುದನ್ನು ನಿಶ್ಚಯಿಸಲು ಈಚೆಗೆ ಹಲವು ದಿನ ತೆಗೆದುಕೊಂಡೆ. ಶ್ರಾವಣ ಎಂಬುದು ನನ್ನ ನೆನಪು. ಇಂಡಿಯಲ್ಲಿದ್ದ ನನ್ನ ತಂದೆಗೆ ಗಂಡ ಬರೆದ ಕಾಗದದಲ್ಲೂ ಶ್ರಾವಣ ಎಂದೇ ಇದೆ, ತಾರೀಖಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ಶ್ರಾವಣಗಳು ಎರಡು ಬಂದಿದ್ದವು: ಮೊದಲನೆಯದು ಅಧಿಕ, ಎರಡನೆಯದು ನಿಜ. ಹೊಡೆದ ಕ್ಷಣದಲ್ಲಿ ಒಲೆಯ ಮೇಲೆ ಜೋಳದ ಅಳ್ಳು ಸಿಡಿಯುತ್ತಿತ್ತು. ನಾಗರ ಪಂಚಮಿಗಲ್ಲದೆ ನಮ್ಮ ಮುದ್ದೇಬಿಹಾಳದ ಮನೆಯಲ್ಲಿ ಅಳ್ಳು ಹುರಿಯುತ್ತಿರಲಿಲ್ಲ; ಪಂಚಮಿಯನ್ನು ಅಧಿಕ ಮಾಸದಲ್ಲಿ ಆಚರಿಸುವುದಿಲ್ಲ. ಆದ್ದರಿಂದ ಅದು ನಿಜ ಶ್ರಾವಣದ ಮೊದಲ ವಾರ, ಪಂಚಮಿಗೆ ಒಂದೆರಡು ದಿನ ಮುಂಚೆ. ಇದಕ್ಕಿಂತ ಹತ್ತಿರ ಹೋಗಲು ನನ್ನಲ್ಲಿ ಆಧಾರವಿಲ್ಲ.

ಆಗ ನಾನು ಮೂರು ತಿಂಗಳ ಬಸುರಿ. ಹಿಂದಿನ ವರ್ಷ ಮೊದಲ ಗರ್ಭ ಐದನೆಯ ತಿಂಗಳಲ್ಲಿ ಇಳಿದುಹೋಗಿತ್ತು. ಇದಾದರೂ ಉಳಿಯಬೇಕು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆದರೆ ಅತ್ತೆ ನೀರಿನ ಕೊಡ ಎತ್ತಲು ನನ್ನನ್ನು ಬಿಡದಿದ್ದುದರಲ್ಲಿ, ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿದ್ದ ಗಂಡ ಪ್ರತಿ ಶನಿವಾರ ಬಂದು ಮೊದಲು ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದುದರಲ್ಲಿ, ಆ ಮಾತೇ ಇತ್ತು.

ನನ್ನ ದೇಹ ಮಾತ್ರ ಬೇರೆಯದೇ ದಾರಿ ಹಿಡಿದಿತ್ತು. ದಿನಕ್ಕೆ ಹತ್ತು ರೊಟ್ಟಿ ತಿಂದರೂ ಕೈಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಮಳೆಗಾಲದ ತಂಪಿನಲ್ಲೂ ಸೆರಗು ಬೆವರಿನಿಂದ ತೊಯ್ಯುತ್ತಿತ್ತು. ಕುಳಿತಲ್ಲೇ ಎದೆ ಓಡುತ್ತಿತ್ತು. ಬರೆಯಲು ಕುಳಿತರೆ ಅಕ್ಷರ ಸಾಲು ಬಿಟ್ಟು ಇಳಿಯುತ್ತಿತ್ತು. ಕುತ್ತಿಗೆಯ ಮುಂಭಾಗದಲ್ಲಿ ನಿಂಬೆಕಾಯಿಯಷ್ಟು ಬಾವು. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು. ಅದು ಕಾರಣ ಹುಡುಕಿಕೊಂಡು ಬರುವ ಸಿಟ್ಟಾಗಿರಲಿಲ್ಲ. ಮೊದಲು ಸಿಟ್ಟು ಬರುತ್ತಿತ್ತು, ಕಾರಣ ಆಮೇಲೆ ಸಿಗುತ್ತಿತ್ತು.

ಆ ದಿನ ಕಾರಣ ಒದಗಿಸಿದವರು ಅತ್ತೆ.

“ಆರನೇ ರೊಟ್ಟಿ ಐತಿ ಇದು. ಹೊಟ್ಯಾಗ ಕೂಸೈತೋ, ಬಕಾಸುರ ಕುಂತಾನೋ?” ಎಂದು ನಕ್ಕರು.

ನನ್ನ ಕೈಯಲ್ಲಿ ಕಬ್ಬಿಣದ ಊದುಗೊಳವೆಯಿತ್ತು. ಮೊದಲ ಏಟಿಗೆ ಅವರ ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ಎರಡನೆಯದು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಕೈ ಎಷ್ಟು ನಡುಗಿತೆಂದರೆ ಕೊಳವೆ ತಾನಾಗಿಯೇ ಜಾರಿ ನೆಲಕ್ಕೆ ಬಿತ್ತು. ಪಕ್ಕದ ಮನೆಯ ಹೆಂಗಸರು ಓಡಿಬಂದಾಗ ಅತ್ತೆ ಸೆರಗಿನಿಂದ ಹುಬ್ಬನ್ನು ಒತ್ತಿ ಹಿಡಿದು, ಯಾರದೋ ಜ್ವರದ ಸುದ್ದಿ ಹೇಳುವವರಂತೆ ಹೇಳಿದರು: “ಆಕೀನ ಬೈಬ್ಯಾಡ್ರಿ. ಹೊಡದಾಕಿ ಆಕಿ ಅಲ್ಲ. ಮೈಯಾನ ಉಷ್ಣ ಕುತ್ತಿಗಿಗೆ ಬಂದು ಕುಂತೈತಿ. ಅದನ್ನ ಹೊರಗ ಹಾಕಬೇಕು.”

ಹೊರಗೆ ಹಾಕುವ ಬಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ಎತ್ತುಗಳ ಹೆಗಲು ಬಾತಾಗ ಬರೆ ಹಾಕುವ ಮುದುಕನೊಬ್ಬ ಪಂಚಮಿ ಮುಗಿದ ಮರುದಿನ ಮನೆಗೆ ಬಂದ. ನಾಲ್ವರು ಹೆಂಗಸರು ನನ್ನನ್ನು ಕಂಬಳಿಯ ಮೇಲೆ ಮಲಗಿಸಿ ಕೈಕಾಲು ಅದುಮಿದರು. ಹೊಟ್ಟೆಯ ಮೇಲೆ ಯಾರೂ ಭಾರ ಹಾಕದಂತೆ ಅತ್ತೆ ತಮ್ಮ ಎರಡೂ ಅಂಗೈಗಳನ್ನು ಅಲ್ಲಿ ಕಮಾನಿನಂತೆ ಹಿಡಿದು ಕುಳಿತಿದ್ದರು. ಆ ಕೈಗಳು ಕಾವಲಿಗಿದ್ದವು ಎಂಬುದು ಇಂದಿನ ನನ್ನ ತಿಳಿವಳಿಕೆ. ಅಂದು ಅವೂ ನನ್ನನ್ನು ಹಿಡಿದ ಕೈಗಳೇ.

“ಎತ್ತs ಸುಮ್ನ ನಿಂದರತೈತಿ. ಈಕಿ ಎತ್ತಿಗಿಂತ ಅತ್ತs ಇದ್ದಾಳಲ್ರಿ,” ಎಂದ ಮುದುಕ. ಒಲೆಯಿಂದ ಕೆಂಪಗಾದ ದಬ್ಬಣ ತೆಗೆದ. ಕುತ್ತಿಗೆಯ ಬಾವಿನ ಮೇಲೆ ಅಡ್ಡಡ್ಡ ಮೂರು ಗೀರು ಎಳೆದ. ನನ್ನದೇ ಚರ್ಮ ಸುಟ್ಟ ವಾಸನೆ ನನ್ನದೇ ಮೂಗಿಗೆ ಬಂತು. ನಾನು ಕಚ್ಚಿದ್ದು ಯಾರ ಬೆರಳು ಎಂಬುದು ತಿಳಿಯಲಿಲ್ಲ. ಬಾಯಲ್ಲಿ ಉಪ್ಪು ತುಂಬಿಕೊಂಡಿತ್ತು.

ಶನಿವಾರ ಗಂಡ ಬಂದರು. ಬಾಗಿಲಲ್ಲಿ ಕಂಡದ್ದು ತಾಯಿಯ ಒಡೆದ ಹುಬ್ಬು. ಕೈಚೀಲ ಕೆಳಗಿಡುವ ಮೊದಲೇ ಒಳಗೆ ನುಗ್ಗಿ ನನ್ನ ಕೆನ್ನೆಗೆ ಹೊಡೆದರು. ಏಟು ಅರ್ಧ ಕೆನ್ನೆಗೆ, ಅರ್ಧ ಹಸಿ ಬರೆಗೆ ಬಿತ್ತು. ನಾನು ಕೂಗಿದ ಕೂಗಿಗೆ ಅವರು ಸೆರಗು ಸರಿಸಿ ನೋಡಿದರು.

“ಯವ್ವಾ, ಏನ ಇದು? ಯಾರ ಮಾಡ್ಯಾರ?”

“ನಾನ ಮಾಡಿಸೇನಿ. ನಿನ್ನ ಕೂಸಿನ ಸಲುವಾಗಿ ಮಾಡಿಸೇನಿ. ಹ್ವಾದ ವರ್ಷ ಸುಮ್ನ ಕುಂತು ಒಂದನ್ನ ಮಣ್ಣ ಮಾಡಿದಿವಿ. ಇದನ್ನೂ ಮಾಡೂಣೇನ?”

ಗಂಡ ಹೊಸ್ತಿಲ ಮೇಲೆ ಕುಳಿತು ಬಾಗಿಲ ಚೌಕಟ್ಟಿಗೆ ತಮ್ಮದೇ ಹಣೆಯನ್ನು ಎರಡು ಮೂರು ಸಲ ಜಜ್ಜಿಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನು ಸೊಲ್ಲಾಪುರದ ಡಾಕ್ಟರರ ಬಳಿಗೆ ಕರೆದುಕೊಂಡು ಹೊರಟರು.

ಬಸವನ ಬಾಗೇವಾಡಿಯಲ್ಲಿ ಒಂದು ಬಸ್ಸು, ಸಿಂದಗಿಯಲ್ಲಿ ಇನ್ನೊಂದು. ಅಲ್ಲಿಂದ ಇಂಡಿ, ಇಂಡಿ ರೋಡ್ ಸ್ಟೇಷನ್ನಿನಿಂದ ರೈಲು. ಸಿಂದಗಿಯಲ್ಲಿ ಗಂಡ ಕಿಟಕಿಯಿಂದ ಟವೆಲ್ ಹಾಕಿ ನನಗೆ ಜಾಗ ಹಿಡಿದಿದ್ದರು. ನಾವು ಹತ್ತುವಷ್ಟರಲ್ಲಿ ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಒಬ್ಬ ಕುಳಿತಿದ್ದ.

“ಟವಲ್ ಹಾಕಿದ್ರ ಬಸ್ ಏನ ನಿಮ್ಮಪ್ಪಂದಾತೇನ?” ಎಂದ.

ಅವನ ಅಂಗಿಯ ಕೊರಳುಪಟ್ಟಿ ಹಿಡಿದು ಕಿಟಕಿಯ ಸರಳಿಗೆ ಅವನ ತಲೆಯನ್ನು ಬಡಿದೆ. ಎರಡನೆಯ ಸಲಕ್ಕೆ ಗಂಡ, “ಬಸರದಾಳ್ರಿ,” ಎನ್ನುತ್ತ ನನ್ನ ಸೊಂಟ ಹಿಡಿದೆಳೆದರು. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತರು. ಕಂಡಕ್ಟರ್ ಮಾತ್ರ, “ಬಸರ ಹೆಣಮಗಳ ಕೈಲೇ ಹೊಡಸ್ಕೊಂಡೀ ಅಂತ ಊರಾಗ ಹೇಳಬ್ಯಾಡ ಮಾರಾಯ, ಏಳು,” ಎಂದು ಅವನನ್ನು ಹಿಂದಕ್ಕೆ ಕಳಿಸಿದ. ಇಂಡಿಯವರೆಗೂ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಡಾಕ್ಟರರು ಐವತ್ತು ದಾಟಿದ ಹೆಂಗಸು. ಸೊಲ್ಲಾಪುರದವರೇ ಆದ್ದರಿಂದ ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ನನ್ನ ಬೆರಳುಗಳನ್ನು ಮುಂದೆ ಚಾಚಿಸಿ ಮೇಲೆ ಒಂದು ತೆಳು ಹಾಳೆ ಇಟ್ಟರು. ಗಾಳಿಯಿಲ್ಲದ ಕೋಣೆಯಲ್ಲಿ ಹಾಳೆ ಪಟಪಟನೆ ಬಡಿದುಕೊಂಡಿತು. ಗಡಿಯಾರ ನೋಡಿ ನಾಡಿ ಎಣಿಸಿದರು: ನೂರಾ ಮೂವತ್ತೆರಡು. ಆಮೇಲೆ ಕುತ್ತಿಗೆ ನೋಡಿ ಗಂಡನ ಕಡೆ ತಿರುಗಿದರು.

“ಯಾವ ಎತ್ತಿನ ಡಾಕ್ಟರ ಮಾಡಿದ್ದರಿ ಇದು?”

ಗಂಡ ನನ್ನ ಸೆರಗನ್ನು ಮತ್ತೆ ಬರೆಯ ಮೇಲೆ ಎಳೆದರು.

ಡಾಕ್ಟರರು ವಿವರಿಸಿದ್ದನ್ನು ನಾನು ಅಂದೇ ಬರೆದಿಟ್ಟುಕೊಂಡೆ. ಆ ವಹಿ ಈಗಲೂ ನನ್ನಲ್ಲಿದೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿದೆ. ಹಸಿವು, ಬೆವರು, ನಡುಕ, ಸಿಟ್ಟು ಎಲ್ಲವೂ ಅದರವೇ. ಬಿಟ್ಟರೆ ಗರ್ಭ ನಿಲ್ಲುವುದು ಕಷ್ಟ, ನನ್ನ ಎದೆಯೂ ತಡೆಯಲಾರದು. ಗುಳಿಗೆಯಿದೆ, ಆದರೆ ಅದು ಗರ್ಭದೊಳಕ್ಕೂ ಹೋಗುತ್ತದೆ. ಹೆಚ್ಚಾದರೆ ಕೂಸಿನ ಗ್ರಂಥಿಯೇ ಮುಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ರೋಗ ಗೆಲ್ಲುತ್ತದೆ.

“ಕುದರಿಗೆ ಕಡಿವಾಣ ಹಾಕ್ಬೇಕು, ಬಾಯಿ ಮಾತ್ರ ಹರಿಬಾರ್ದು,” ಎಂದರು. “ನೀವು ಇರೂದು ದೂರ. ಆ ರಸ್ತ್ಯಾಗ ಬಸ್ನ್ಯಾಗ ಕುಣಕೋತ ಪ್ರತಿ ವಾರ ಬರೂದು ಬ್ಯಾಡ. ದಿನಾ ಬೆಳಿಗ್ಗೆ ಏಳೂಕಿಂತ ಮೊದಲ ಪೂರಾ ಒಂದು ಮಿನಿಟ ನಾಡಿ ಎಣಸ್ರಿ. ಆಕಿ ತಾನ ಎಣಸಬಾರ್ದು, ಆಕಿ ಕೈ ನಡಗತೈತಿ. ಬ್ಯಾರೇದವರು ಎಣಸಬೇಕು. ಹದಿನೈದು ದಿವಸಕ್ಕೊಮ್ಮೆ ಕಾರ್ಡ್ ಬರೀರಿ. ಗುಳಿಗಿ ಎಷ್ಟು ಅಂತ ನಾ ತಿರುಗಿ ಬರೀತೇನಿ.”

ಮನೆಯಲ್ಲಿ ಬೇರೆಯವರು ಎಂದರೆ ಅತ್ತೆ ಒಬ್ಬರೇ. ಓದು ಬರಹ ಬಾರದವರು. ಆದರೆ ಮಾವ ತೀರಿದ ಮೇಲೆ ಹೊಲ ತಾವೇ ಮಾಡಿಸಿ, ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ತಾವೇ ಅಳೆದವರು. ಅವರ ಎಣಿಕೆ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಗಂಡ ಕೈಗಡಿಯಾರವನ್ನು ನನ್ನ ತಲೆದಿಂಬಿನ ಬಳಿ ಬಿಟ್ಟು ಆಲಮಟ್ಟಿಗೆ ಹೋದರು. ಬೆಳಿಗ್ಗೆ ನಾನು ಸೆಕೆಂಡಿನ ಮುಳ್ಳು ನೋಡಿ “ಶುರು” ಎನ್ನುತ್ತಿದ್ದೆ. ನಾನು ಹುಬ್ಬು ಒಡೆದ ಹೆಂಗಸು, ನನ್ನ ಕುತ್ತಿಗೆ ಸುಡಿಸಿದ ಹೆಂಗಸು, ನನ್ನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ತುಟಿಯೊಳಗೇ ಎಣಿಸುತ್ತಿದ್ದರು. “ಸಾಕ್ರಿ” ಎಂದಾಗ ಕಣ್ಣು ತೆರೆದು ಸಂಖ್ಯೆ ಹೇಳುತ್ತಿದ್ದರು. ಅದಕ್ಕೆ ಮೊದಲು ಅಥವಾ ಆಮೇಲೆ ನಮ್ಮ ನಡುವೆ ಮಾತಿರಲಿಲ್ಲ.

ವಹಿಯ ಮೊದಲ ಪುಟದಲ್ಲಿ ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತು, ಎಂಬತ್ತೆಂಟು ಎಂದಿದೆ. ನೂರಾ ಮೂವತ್ತೆರಡರಿಂದ ಇಷ್ಟು ಬೇಗ ಇಳಿಯಿತೆಂದು ಕಾರ್ಡು ಬರೆದೆ. ಗುಳಿಗೆಗೆ ಚೆನ್ನಾಗಿ ಬಗ್ಗಿದೆ, ಕೂಸಿನ ದೃಷ್ಟಿಯಿಂದ ಕಡಿಮೆ ಮಾಡಿ ಎಂದು ಉತ್ತರ ಬಂತು. ಭಾದ್ರಪದದಲ್ಲಿ ಗುಳಿಗೆ ಅರ್ಧವಾಯಿತು, ಕಾರ್ತಿಕದಲ್ಲಿ ಕಾಲುಭಾಗ. ಎದೆ ಡೊಳ್ಳಿನಂತೆ ಬಡಿಯುತ್ತಿದ್ದುದು ನನಗೆ ಗೊತ್ತಾಗುತ್ತಲೇ ಇತ್ತು. ಆದರೆ ಬರೆದಿಟ್ಟ ಸಂಖ್ಯೆ ತೊಂಬತ್ತು ಎನ್ನುತ್ತಿತ್ತು; ಎದೆಗಿಂತ ಬರಹವನ್ನು ನಂಬುವುದು ನನ್ನ ಓದು ನನಗೆ ಕಲಿಸಿದ ಚಟ. ಎಲ್ಲ ಕಾಲದಲ್ಲೂ ಒಂದೇ ಸಮನಾಗಿರುವ ದಾಖಲೆಯನ್ನು ಮೊದಲು ಶಂಕಿಸಬೇಕು ಎಂದು ಹಳೆಯ ಕಾಗದಪತ್ರ ಪರಿಶೀಲಿಸುವ ಆಮೇಲಿನ ನನ್ನ ಕೆಲಸದಲ್ಲಿ ಇತರರಿಗೆ ಎಷ್ಟೋ ಸಲ ಹೇಳಿದ್ದೇನೆ. ನನ್ನದೇ ವಹಿಯನ್ನು ನಾನು ನಾಲ್ಕು ತಿಂಗಳು ಶಂಕಿಸಲಿಲ್ಲ.

ಮಾರ್ಗಶಿರದಲ್ಲಿ ಸೀಮಂತದ ಕುಬಸ ಮಾಡಿ, ಹೆರಿಗೆಗೆಂದು ನನ್ನನ್ನು ಇಂಡಿಯ ತವರಿಗೆ ಕಳಿಸಿದರು. ತಾಯಿ ಇಲ್ಲದ ಮನೆ, ತಂದೆ ಒಬ್ಬರೇ. ಬೀಗರ ಮನೆಯಲ್ಲಿ ಬಂದು ಇರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೂ ಅತ್ತೆ ಜೊತೆಗೆ ಬಂದರು. “ನಾಡಿ ಎಣಸಾಕ ಬಂದೇನಿ, ಊಟಕ್ಕ ಬಂದಿಲ್ಲ,” ಎಂದು ತಂದೆಗೆ ಬಾಗಿಲಲ್ಲೇ ಹೇಳಿ, ತಮ್ಮ ಪಾಲಿನ ಜೋಳದ ಹಿಟ್ಟಿನ ಗಂಟನ್ನು ಕಟ್ಟೆಯ ಮೇಲಿಟ್ಟರು.

ಎಳ್ಳ ಅಮಾವಾಸ್ಯೆಗೆ ಮೂರೋ ನಾಲ್ಕೋ ದಿನ ಇದ್ದವು. ಮೂರೆಂದು ತಂದೆ, ನಾಲ್ಕೆಂದು ನಾನು. ಹೊಲಕ್ಕೆ ಒಯ್ಯುವ ಸಜ್ಜಿಯ ಕಡಬಿಗೆ ಹಿಟ್ಟು ಬೀಸಿ ಆಗಿತ್ತು ಎಂಬುದರಲ್ಲಿ ಇಬ್ಬರಿಗೂ ಭಿನ್ನಮತವಿರಲಿಲ್ಲ. ಬೆಳಗಿನಿಂದ ಎರಡು ಸಲ ವಾಂತಿಯಾಗಿತ್ತು. ಮೈ ಕೆಂಡ. ಎದೆಯ ಬಡಿತಕ್ಕೆ ಕುಪ್ಪಸದ ಗುಂಡಿ ಕುಣಿಯುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು. ಹೊಟ್ಟೆಯೊಳಗೆ ಕೂಸಿನ ಮಿಸುಕಾಟ ನಿನ್ನೆಗಿಂತ ಕಡಿಮೆಯಾಗಿತ್ತು. ಅತ್ತೆ ಕೈ ಹಿಡಿದು ಎಣಿಸಿದರು.

“ಎಂಬತ್ತೆಂಟು.”

ಆಗ ನನಗೆ ಎಲ್ಲವೂ ಸ್ಪಷ್ಟವಾಯಿತು ಎನ್ನಿಸಿತು. ಈ ಹೆಂಗಸು ನಾಲ್ಕು ತಿಂಗಳಿಂದ ಸುಳ್ಳು ಹೇಳುತ್ತಿದ್ದಾಳೆ. ಗುಳಿಗೆ ತಪ್ಪಿಸುತ್ತಿದ್ದಾಳೆ. ಹುಬ್ಬಿನ ಸೇಡನ್ನು ಹೊಟ್ಟೆಯ ಮೇಲೆ ತೀರಿಸುತ್ತಿದ್ದಾಳೆ.

“ನನ್ನ ಕೂಸು ಕೊಲ್ಲಾಕ ಬಂದೀ ನೀ! ಸುಳ್ಳ ಎಣಿಸಿ ಎಣಿಸಿ ಕೊಲ್ಲಾಕತ್ತೀ!”

“ಹುಚ್ಚಿ, ಏನ ಮಾತಾಡ್ತೀ? ತಡಿ, ನಿಮ್ಮಪ್ಪನ್ನ ಕರೀತೇನಿ,” ಎಂದು ಅವರು ಎದ್ದು, ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಹೊರಗೆ ಬಾಗಿದರು. ನಾನು ಹಾಸಿಗೆಯಿಂದ ಹಾರಿ ತಲಬಾಗಿಲ ಭಾರದ ಕದವನ್ನು ಎರಡೂ ಕೈಗಳಿಂದ ನೂಕಿದೆ. ಮಣಿಕಟ್ಟು ಮುರಿದ ಸದ್ದು ಒಣಗಿದ ಜೋಳದ ದಂಟು ಮುರಿದಂತಿತ್ತು. ಬಳೆಯ ಚೂರು ನೆಲದ ತುಂಬ ಹರಡಿತು. ಅವರು ಗೋಡೆಗೆ ಒರಗಿ ಜಾರಿ ಕುಳಿತರು. ನಾನು ಕದವನ್ನು ಇನ್ನೊಮ್ಮೆ ಎಳೆದೆ. ಕೈ ಅಲ್ಲಿರಲಿಲ್ಲ.

ತಂದೆ ಇಬ್ಬರನ್ನೂ ಟಾಂಗಾದಲ್ಲಿ ಹಾಕಿಕೊಂಡು ಇಂಡಿ ರೋಡಿಗೆ ಓಡಿಸಿದರು. ಬಿದಿರ ಸೀಳು ಕಟ್ಟಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಅತ್ತೆ ರೈಲಿನುದ್ದಕ್ಕೂ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದರು. ನಾನು ಆ ಕೈಯನ್ನು ಎರಡು ಸಲ ಪರಚಿದೆ. ಮೂರನೆಯ ಸಲ ಬಟ್ಟೆ ಬಂದಾಗ ಪರಚಲು ಶಕ್ತಿಯಿರಲಿಲ್ಲ.

ಡಾಕ್ಟರರು ಎಣಿಸಿದಾಗ ನೂರಾ ನಲವತ್ತೆಂಟು. ವಹಿ ತೆರೆದು ನೋಡಿದರು. ಪುಟದಿಂದ ಪುಟಕ್ಕೆ ತೊಂಬತ್ತು. ಔಷಧಿ ಕೊಡಿಸಿ, ಮೈಗೆ ಒದ್ದೆ ಚಾದರ ಹೊದಿಸಿ, ಗಂಟೆ ಕಳೆದ ಮೇಲೆ ಮಂಚದ ಬಳಿ ಬಂದು ಕೇಳಿದರು:

“ಇದನ್ನ ಎಣಿಸಿದವ್ರು ಯಾರು?”

“ನಾನರಿ, ಬಾಯಾರ.”

“ನನ್ನ ಮುಂದ ಎಣಸ್ರಿ, ಅವ್ವಾರ.”

ಅತ್ತೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯ ನಾಡಿಯನ್ನು ಡಾಕ್ಟರರು ಹಿಡಿದರು. ಈ ಸಲ ಬಾಯಿಬಿಟ್ಟು ಎಣಿಸಲು ಹೇಳಿದ್ದರಿಂದ ಅದುವರೆಗೆ ತುಟಿಯೊಳಗೇ ಉಳಿದಿದ್ದ ಎಣಿಕೆ ಹೊರಗೆ ಬಂತು. ಕಣ್ಣು ಮುಚ್ಚಿ, ಮೈಯನ್ನು ಮೆಲ್ಲಗೆ ತೂಗುತ್ತ, “ಲಾಭ… ಎರಡs… ಮೂರs… ನಾಕs…” ನಮ್ಮ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎಣಿಕೆ ನಿಲ್ಲಬಾರದು, ಅವಸರವೂ ಆಗಬಾರದು; ಅವಸರ ಮಾಡಿದರೆ ಲಕ್ಷ್ಮಿ ಕಣ ಬಿಟ್ಟು ಹೋಗುತ್ತಾಳೆ ಎಂಬುದು ನಂಬಿಕೆ. ಅತ್ತೆಯ ಬಾಯಿ ಆ ನಡಿಗೆಯಲ್ಲೇ ನಡೆಯಿತು. ನಿಮಿಷ ಮುಗಿದಾಗ ಅವರದು ಎಂಬತ್ತೊಂಬತ್ತು, ಡಾಕ್ಟರರದು ನೂರಾ ನಲವತ್ತನಾಲ್ಕು.

ಡಾಕ್ಟರರು ತಮ್ಮ ಕೈಯನ್ನೇ ಮುಂದೆ ಚಾಚಿದರು. “ಈಗ ನಂದು.” ತೊಂಬತ್ತು. “ಇವರ ಅಪ್ಪಂದು.” ಎಂಬತ್ತೊಂಬತ್ತು.

“ಅವ್ವಾರ, ನೀವು ಯಾರ ನಾಡೀನೂ ಎಣಿಸಿಲ್ಲ. ರಾಶಿ ಅಳದೀರಿ.”

ಅತ್ತೆ ಮುರಿದ ಕೈಯನ್ನು ಎದೆಗೊತ್ತಿಕೊಂಡು ಕೇಳಿದರು: “ಹಂಗಾದ್ರ ಈಕಿ ಹೇಳಿದ್ದs ಖರೇ ಏನ್ರಿ? ಕೂಸಿನ ಕುತ್ತಿಗಿ ನಾನ ಹಿಚಿಕಿದ್ನೇನ್ರಿ?”

“ಇನ್ನೂ ಇಲ್ಲ,” ಎಂದರು ಡಾಕ್ಟರರು. ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಸಂಕ್ರಮಣ ಕಳೆದು ಒಂದು ವಾರಕ್ಕೆ, ಅವಧಿಗೆ ಮುಂಚೆಯೇ, ಸೊಲ್ಲಾಪುರದ ಆಸ್ಪತ್ರೆಯಲ್ಲೇ ಹೆಣ್ಣು ಕೂಸು ಹುಟ್ಟಿತು. ಮಡಿಚಿದ ಟವೆಲಿನಷ್ಟು ಹಗುರ. ಆ ಕೂಸಿನ ಎದೆಯೂ ಓಡುತ್ತಿತ್ತು: ನಿಮಿಷಕ್ಕೆ ಇನ್ನೂರರ ಹತ್ತಿರ. ಕಣ್ಣು ಅಗಲಕ್ಕೆ ತೆರೆದು, ಮುಷ್ಟಿ ಬಿಗಿದು, ಹಾಲು ಕಂಡರೆ ಕಚ್ಚುವಂತೆ ನುಗ್ಗುತ್ತಿತ್ತು. ತೂಕ ಮಾತ್ರ ಏರುತ್ತಿರಲಿಲ್ಲ. ತಾಯಿಯ ರಕ್ತದಿಂದ ಬಂದ ಬೆಂಕಿ ಅದು, ಕೆಲವು ವಾರಗಳಲ್ಲಿ ತಾನೇ ಆರುತ್ತದೆ. ಆರುವವರೆಗೆ ಕೂಸನ್ನು ಉಳಿಸಿಕೊಳ್ಳಬೇಕು, ಔಷಧಿಯ ಹನಿಗಳನ್ನು ಎದೆಬಡಿತ ನೋಡಿಯೇ ಕೊಡಬೇಕು ಎಂದರು ಡಾಕ್ಟರರು. ನರ್ಸುಗಳು ಹೊತ್ತಿಗೊಮ್ಮೆ ಬಂದು ಎಣಿಸುತ್ತಿದ್ದರು. ತಿಂಗಳು ತುಂಬಿ ನಾವು ಇಂಡಿಗೆ ಮರಳಿದ ಮೇಲೆ ಎಣಿಸುವವರು ಯಾರು? ನನ್ನ ಕೈ ಇನ್ನೂ ನಡುಗುತ್ತಿತ್ತು. ಎದೆಗೆ ಕಿವಿಯಿಟ್ಟರೆ ನನಗೆ ನನ್ನ ಬಡಿತವೇ ಕೇಳುತ್ತಿತ್ತು.

“ನಾ ಎಣಸಾಂಗಿಲ್ಲ,” ಎಂದರು ಅತ್ತೆ. “ನನ್ನ ಬಾಯಿ ಮ್ಯಾಲೆ ನನಗs ಭರವಸಿ ಇಲ್ಲ. ಬಾಯಿ ಮುಚ್ಚಿ ಕೇಳ್ತೇನಿ. ಕೇಳಿದ್ದನ್ನ ನಿನ್ನ ಕೈ ಮ್ಯಾಲೆ ಬೆಳ್ಳಲೇ ಹೊಡೀತೇನಿ. ಎಣಿಸೂದು ನಿಂದು.”

ಅವರು ಕೂಸಿನ ಎದೆಗೆ ಕಿವಿ ಹಚ್ಚಿ, ನನ್ನ ಮೊಣಕೈ ಕೆಳಗೆ ತೋರುಬೆರಳಿನಿಂದ ತಟ್ಟುತ್ತಿದ್ದರು. ಗಡಿಯಾರದ ಮೇಲೆ ಕಣ್ಣಿಟ್ಟು ಹತ್ತು ಸೆಕೆಂಡಿನ ತಟ್ಟುಗಳನ್ನು ಎಣಿಸಿ ಆರರಿಂದ ಗುಣಿಸುವುದು ನನ್ನ ಕೆಲಸ. ಮೊದಮೊದಲು ತಟ್ಟು ತಪ್ಪಿತೆಂದು ನಾನು ಸಿಡುಕಿ ಅವರ ಬೆರಳನ್ನು ಹಿಡಿದು ತಿರುಚಿದ್ದೂ ಉಂಟು. ಅವರು ಬೆರಳು ಬಿಡಿಸಿಕೊಂಡು, “ಇನ್ನೊಂದ ಕೈ ಐತಿ ಅಂತ ಧೈರ್ಯ ಮಾಡಬ್ಯಾಡ, ಅದನ್ನ ಮೊದಲs ನೀನ ಮುರದೀ,” ಎಂದು ಮತ್ತೆ ಕಿವಿಯಿಡುತ್ತಿದ್ದರು.

ಹೀಗೆ ಹೋಳಿ ಹುಣ್ಣಿಮೆ ದಾಟಿತು. ಯುಗಾದಿಗೆ ಇನ್ನೂ ಕೆಲವು ದಿನಗಳಿದ್ದಾಗ ಒಂದು ಬೆಳಿಗ್ಗೆ ತಟ್ಟುಗಳು ಇಪ್ಪತ್ತೆರಡು ಬಂದವು. ನಿಮಿಷಕ್ಕೆ ನೂರಾ ಮೂವತ್ತೆರಡು. ದೊಡ್ಡವರಿಗೆ ಅದು ರೋಗ, ಅಷ್ಟು ಎಳೆಯ ಕೂಸಿಗೆ ಆರೋಗ್ಯ. ನಾನು ನಂಬಲಿಲ್ಲ. ಮತ್ತೆ ತಟ್ಟಿಸಿದೆ. ಇಪ್ಪತ್ತನಾಲ್ಕು. ಹಾಲು ಕುಡಿಸಿ, ಮಲಗಿಸಿ ಮತ್ತೆ ತಟ್ಟಿಸಿದೆ. ಇಪ್ಪತ್ತೊಂದು. ಮಧ್ಯಾಹ್ನ ಅಳುವಾಗ ಇಪ್ಪತ್ತಾರು, ಅಳು ನಿಂತ ಮೇಲೆ ಇಪ್ಪತ್ತೆರಡು. ಒಂದು ಸಲ ಬಂದದ್ದು ಇನ್ನೊಂದು ಸಲ ಬರುತ್ತಿರಲಿಲ್ಲ. ವಹಿಯ ಆ ದಿನದ ಪುಟದಲ್ಲಿ ಹನ್ನೊಂದು ಸಂಖ್ಯೆಗಳಿವೆ.

“ಒಂದs ಸಮ ಬರವಲ್ಲದು,” ಎಂದು ಅತ್ತೆ ಗಾಬರಿಯಿಂದ ತಲೆ ಎತ್ತಿದರು. “ಮತ್ತ ನಾ ಏನರ ತಪ್ಪು ಮಾಡಾಕತ್ತೇನೇನ?”

“ಇಲ್ರಿ ಅತ್ತಿ,” ಎಂದೆ. “ಇನ್ನೊಂದ ಸಲ ಕಿವಿ ಇಡ್ರಿ.”

ಮಗು ನಿದ್ದೆಯಲ್ಲೇ ಅವರ ಮೂಗುತಿಯನ್ನು ಹಿಡಿದು ಎಳೆಯಿತು. ಅವರು “ತಾಯಿ ಗುಣs,” ಎಂದು ಗೊಣಗಿ, ಮುಷ್ಟಿಯನ್ನು ಬಿಡಿಸದೆಯೇ ಕಿವಿಯಿಟ್ಟರು.